ಕಾಗೆಗೆ ಶಾಬಾಸಕಿ

ಬೇರಿನ ಚೀಲವನ್ನು ಭಾಗ್ಯಾ ಅಂಗಳಕ್ಕೆ ಸುರಿದೇಬಿಟ್ಟಳು. ಅಜ್ಜಿಯ ಕಥೆಗಳಲ್ಲಿ ಹಾವು ಕಚ್ಚಿದ ರಾಜಕುಮಾರನನ್ನು ಎಬ್ಬಿಸುವ ಬೇರು ಏಳು ಸಮುದ್ರದಾಚೆ ಇರುತ್ತಿತ್ತು. ಇಲ್ಲಿ ಅದು ಡಂಬಳದಲ್ಲಿ, ಯಮನೂರಸಾಬನ ಮನೆಕಟ್ಟೆಯ ಮೇಲೆ, ಸಿಮೆಂಟಿನ ಹಳೆ ಚೀಲದಲ್ಲಿತ್ತು.

“ನಲವತ್ತು ಮಂದಿಗೆ ಕೊಟ್ಟೀನವ್ವಾ. ಒಬ್ರೂ ಸತ್ತಿಲ್ಲ,” ಎಂದ ಮುದುಕ.

“ವಿಷ ಇಲ್ಲದ ಹಾವು ಕಚ್ಚಿದವ್ರು ಬರೇ ನೀರು ಕುಡಿದ್ರೂ ಉಳೀತಾರ, ಅಜ್ಜಾ! ಕಾಗಿ ಕುಂತಿತು, ಟೊಂಗಿ ಮುರೀತು. ಅದಕ್ಕ ಕಾಗೀಗೆ ಶಾಬಾಸಕಿ ಕೊಡಬೇಕೇನು?”

“ಹಲ್ಲಿನ ಗುರುತು ನೋಡೇ ಕೊಡ್ತೀನಿ. ಎಲ್ಲಾರಿಗೂ...”

“ಸಾಕು ಮಾಡ್ರಿ!”

ಖರೆ ಪುರಾವೆ ಇದ್ದದ್ದು ಅವಳ ಬಳಿ. ಆಸ್ಪತ್ರೆಯ ನರ್ಸಾಗಿ ಬಂದವಳು ಎರಡು ವರ್ಷದ ಹಿಂದೆ ಡಂಬಳದ ಸುತ್ತೆಲ್ಲ ಪೋಸ್ಟರ್ ಅಂಟಿಸಿದ್ದಳು: ಹಾವು ಕಚ್ಚಿದರೆ ತಡಮಾಡಬೇಡಿ, ಆಸ್ಪತ್ರೆಗೆ ಬನ್ನಿ. ಅಂದಿನಿಂದ ಈ ಕಡೆಯಿಂದ ವಿಷವೇರಿ ಬಂದವರು ಇಪ್ಪತ್ತಮೂರು. ಎಲ್ಲರೂ ತಾಸಿನೊಳಗೇ ಬಂದರು. ಎಲ್ಲರೂ ಬದುಕಿ ಮನೆಗೆ ಹೋದರು. ಆಸ್ಪತ್ರೆಯ ಹಾವು ಕಡಿತದ ದಾಖಲೆ ಪುಸ್ತಕದಲ್ಲಿ ಅವಳು ನೋಡುತ್ತಿದ್ದುದು ಎರಡೇ ಅಂಕಣ: ಕಚ್ಚಿದ ಹೊತ್ತು, ತಲುಪಿದ ಹೊತ್ತು. ಮತ್ತೇನು ಬೇಕು?

“ಪೊಲೀಸರಿಗೆ ಬರದುಕೊಡ್ಲೋ, ನೀವ ಬಿಡ್ತೀರೋ?”

ಯಮನೂರಸಾಬ ಅಂಗಳದಲ್ಲಿನ ತನ್ನ ಕೆಸರು ಮೆತ್ತಿದ ಬೈಕಿನತ್ತ ನೋಡಿದ. “ಬೇರು ಬಿಡ್ತೀನಿ. ಗಾಡೀನೂ ಬಿಡಬೇಕೇನವ್ವಾ?”

ಊರೂರು ತಿರುಗಿ ಬೇರು ಹಂಚುವ ಗಾಡಿ! ಭಾಗ್ಯಾಳ ಮೈ ಉರಿಯಿತು. “ಎಲ್ಲಾ ಬಿಡ್ರಿ. ಕಚ್ಚಿಸಿಕೊಂಡವ್ರು ನಿಮ್ಮ ಹೊಸ್ತಿಲಾ ತುಳೀಬಾರದು.”

“ಆತು. ನಿನ್ನ ಮಾತ ಆಗಲಿ.”

ಹದಿನೈದು ದಿನಕ್ಕೆ ಡಂಬಳದ ಮೈಲಾರಲಿಂಗಪ್ಪ ಹೆಂಡತಿ ಅಮೃತವ್ವನನ್ನು ಟಂಟಂನಲ್ಲಿ ಆಸ್ಪತ್ರೆಗೆ ತಂದ. ನಾಗರಹಾವು. ನಾಲ್ಕು ತಾಸಾಗಿತ್ತು. ಔಷಧ ಏರಿಸುವಷ್ಟರಲ್ಲಿ ಉಸಿರು ನಿಂತಿತು.

“ಇಷ್ಟೊತ್ತು ಏನು ಮಾಡಾಕತ್ತಿದ್ರಿ?” ಭಾಗ್ಯಾ ಚೀರಿದಳು.

“ಯಮನೂರಸಾಬಜ್ಜನ ಬಾಗಲದಾಗ ಕುಂತಿದ್ವಿರಿ. ಕೀಲಿ ಹಾಕಿತ್ತು. ಈಗ ಬಂದಾನು, ಆಗ ಬಂದಾನು ಅಂತ ಕಾದ್ವಿ. ಗಾಡಿ ಮಾರಿ, ಲಕ್ಷ್ಮೇಶ್ವರಕ್ಕ ಮಗಳ ಮನಿಗೆ ಹೋಗ್ಯಾನಂತ ಆಮ್ಯಾಲ ಗೊತ್ತಾತ್ರಿ.”

ಮತ್ತೆ ಆ ಮುದುಕನೇ! ಊರು ಬಿಟ್ಟು ಹೋದರೂ ಕೊಂದ. ಈ ಸಲ ಜೈಲೇ ಸೈ. ದೂರಿಗೆ ಪುರಾವೆ ಬೇಕೆಂದು ಹಲ್ಲು ಕಚ್ಚುತ್ತ ಪುಸ್ತಕ ಎಳೆದುಕೊಂಡಳು. ಅಮೃತವ್ವನ ಸಾಲಿನ ಕೊನೆಯ ಅಂಕಣವನ್ನು ಗೇಟಿನ ಕಾವಲುಗಾರ ಆಗಲೇ ತುಂಬಿದ್ದ. ಕರೆತಂದವರು: ಗಂಡ. ಭಾಗ್ಯಾಳ ಬೆರಳು ಅದೇ ಅಂಕಣದಲ್ಲಿ ಮೇಲಕ್ಕೆ ಸರಿಯಿತು. ಮತ್ತೂ ಮೇಲಕ್ಕೆ.

ಇಪ್ಪತ್ತಮೂರು ಸಾಲಿನಲ್ಲೂ ಒಂದೇ ಹೆಸರು: ಯಮನೂರಸಾಬ, ಡಂಬಳ.