ಅತಿ ಹಗುರದ ಸೈಲೆನ್ಸರ್

"ಅಕ್ಕಾ, ಇರುವುದರಲ್ಲೇ ಹಗುರವಾದದ್ದು ಕೊಡಿ," ಎಂದ ಉತ್ತಯ್ಯ, ಹಂದಿ ಬೇಟೆಯ ಕೋವಿಯನ್ನು ನನ್ನ ಅಂಗಡಿಯ ಮೇಜಿನ ಮೇಲೆ ಮಗುವಿನಂತೆ ಮಲಗಿಸಿ.

ನಮ್ಮ ಕಣಿವೆಯಲ್ಲಿ ಸದ್ದು ಅಡಗದೆ ಒಂಬತ್ತು ವರ್ಷವಾಯಿತು. ಒಮ್ಮೆ ಹೊಡೆದ ಗುಂಡಿನ ಸದ್ದು, ಅದರ ಬೆನ್ನಿಗೆದ್ದ ಕೂಗನ್ನೂ ಹೊತ್ತು, ಬೆಟ್ಟ ಸುತ್ತಿ ದಿನವೂ ಅದೇ ಹೊತ್ತಿಗೆ ಬಂದು ಕೇಳಿಸುತ್ತದೆ. ಕೋವಿಯ ಬಾಯಿಗೆ ಸದ್ದಡಗಿಸುವ ಸೈಲೆನ್ಸರ್ ಹಾಕದೆ ಯಾರೂ ಬೇಟೆಗೆ ಹೋಗುವಂತಿಲ್ಲ.

ಉಕ್ಕಿನದು ತೋರಿಸಿದೆ. ಭಾರ, ಗುರಿ ತಪ್ಪುತ್ತದೆ ಎಂದ. ಅಲ್ಯೂಮಿನಿಯಂನದು ನಾಲ್ಕು ಗುಂಡಿಗೆ ಕಾದುಹೋಗುತ್ತದಂತೆ. ಒಂದು ಗುಂಡನ್ನೂ ನೆಟ್ಟಗೆ ಹೊಡೆಯಲಾರದವನಿಗೆ ನಾಲ್ಕನೆಯದರ ಚಿಂತೆ! ಕೊನೆಗೆ ಟೈಟಾನಿಯಂನದನ್ನು ಅಂಗೈಯಲ್ಲಿ ತೂಗಿ ಹಲ್ಲು ಕಿರಿದ. ಬೆಲ್ಟಿನ ಮೇಲೆ ಹಂಡೆಯಂತೆ ಕೂತಿದ್ದ ಹೊಟ್ಟೆ ಮಾತ್ರ ಅವನಿಗೆ ಎಂದೂ ಭಾರವಾಗಿಲ್ಲ.

ಅಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಬೆಟ್ಟದ ಕಡೆಯಿಂದ ಅವನ ಗುಂಡಿನ ಸದ್ದು ಬಂತು. ಹಿಂದೆಯೇ ಅವನ ನಾಯಿ ಜಿಮ್ಮಿ ಕುಂಯ್ ಎಂದು ಕೂಗಿದ್ದು ಕೇಳಿಸಿತು.

ಹೋದ ತಿಂಗಳು, ಹಳೆಯ ಸೈಲೆನ್ಸರ್ ಭಾರವೆಂದು ಬಿಚ್ಚಿಟ್ಟು ಹೊಡೆದಿದ್ದ. ಜಿಮ್ಮಿಯನ್ನು ಹಂದಿ ತಿವಿದು ಕೊಂದಿತೆಂದು ಜೊತೆಯವರಿಗೆ ಹೇಳಿ, ಬೇಟೆಯ ಮಾಂಸದಲ್ಲಿ ನಾಯಿಗೆ ಸಲ್ಲುವ ಪಾಲನ್ನೂ ಕೇಳಿ ತೆಗೆದುಕೊಂಡು ಹೋಗಿದ್ದ ಮಹಾನುಭಾವ. ಮಾರನೆಯ ದಿನ ನಾಲ್ಕು ಗಂಟೆಗೆ ಇಡೀ ಊರಿಗೆ ನಿಜ ಕೇಳಿಸಿತು.

ಉತ್ತಯ್ಯ ತಲೆಯೆತ್ತಲಿಲ್ಲ. "ಇದನ್ನು ಹಾಕಿದರೆ ಅದು ನಿಲ್ಲುತ್ತದಾ ಅಕ್ಕಾ?"

"ಇದು ಮುಂದೆ ಹೊಡೆಯುವುದಕ್ಕೆ," ಎಂದೆ. "ಹೊಡೆದಾಗಿರುವುದಕ್ಕೆ ನನ್ನಲ್ಲಿ ಏನೂ ಇಲ್ಲ."