ಬುಧವಾರ ಕಂಡವನು

ಹೆಂಡತಿ ಬಚ್ಚಲಿಗೆ ಹೋದದ್ದೇ ತಡ, ಪರಶು ಅವಳ ಚೀಲಕ್ಕೆ ಕೈ ಹಾಕಿದ. ಇಂಥ ಕೆಲಸಕ್ಕೆ ಗಂಡಸರ ಕೈಗೆ ಎಲ್ಲಿಲ್ಲದ ಚುರುಕು ಬರುತ್ತದೆ. ಮೊಬೈಲಿನಲ್ಲಿ ಏನೂ ಸಿಕ್ಕಿರಲಿಲ್ಲ. ನೋಟ್‌ಬುಕ್ಕಿನ ನಡುವೆ ಸಿಕ್ಕಿತು.

“ಬುಧವಾರ, ಇಂಡಿ. ಕುಡಿದವನೊಬ್ಬ ಮುಖದ ಮೇಲೇ ಬೈದ. ಆತ ನಕ್ಕು ‘ಆಯ್ತ್ರಿ ಯಪ್ಪಾ’ ಎಂದ. ಎಂಥ ತಾಳ್ಮೆ!”

“ಶನಿವಾರ. ಕಿವಿ ಕೇಳದ ಮುದುಕಿಯನ್ನು ಕೈಹಿಡಿದು ಕೂರಿಸಿ ನೀರು ಕೊಟ್ಟ. ಕಣ್ಣು ಕೀಳದೆ ನೋಡುತ್ತ ನಿಂತೆ.”

ಪರಶುವಿನ ಹೊಟ್ಟೆಗೆ ಬೆಂಕಿ ಬಿತ್ತು. ಸಿಂದಗಿಯಿಂದ ದಿನಾ ಇಂಡಿಗೆ ಹೋಗಿ, ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಸಂಜೆಯ ತನಕ ಬೇಯುವವನು ತಾನು. ಅದೇ ಊರಲ್ಲಿ, ತನ್ನ ಮೂಗಿನ ಕೆಳಗೇ, ಇವಳ ಆಟ! ಇಂಡಿಯ ಬಿ.ಎಡ್ ಕಾಲೇಜಿಗೆ ಸೇರಿದ ಹೊಸತರಲ್ಲಿ ಸಂಘಮಿತ್ರಾ ಬಸ್ಸಿಳಿದವಳೇ ಕಿಟಕಿಗೆ ಬಂದು ಮಾತಾಡಿಸುತ್ತಿದ್ದಳು. ತಿಂಗಳಿಂದ ಅದೂ ನಿಂತಿದೆ.

ಯಾರಿರಬಹುದು? ಕಾಲೇಜಿನ ಮಾಸ್ತರನೇ? ಔಷಧ ಅಂಗಡಿಯ ಶಾನವಾಜನೇ? ಅವನಂತೂ ಯಾರ ಜೊತೆಗೂ ನಗುನಗುತ್ತಲೇ ಮಾತಾಡುವವ. ಆ ನಗೆಯೇ ಈಗ ಪರಶುವಿಗೆ ವಿಷವಾಯಿತು.

ಸಂಘಮಿತ್ರಾ ಒಳಗೆ ಬಂದಳು. ಅವನು ನೋಟ್‌ಬುಕ್ಕನ್ನು ಗೋಡೆಗೆ ಬಡಿದ.

“ಯಾರ ಅವ?”

ಅವಳು ಹೆದರಲಿಲ್ಲ. ಅದು ಅವನನ್ನು ಇನ್ನಷ್ಟು ಉರಿಸಿತು.

“ಕಾಲೇಜಿನಾಗ ಕೊಟ್ಟ ಕೆಲಸ್ರಿ. ಒಬ್ಬರ ಸ್ವಭಾವ ಎಂಥಾದ್ದು ಅಂತ, ಅವರಿಗೆ ಗೊತ್ತಾಗದಂಗ ನೋಡಿ ಬರೀಬೇಕು.”

“ಸ್ವಭಾವ ನೋಡಾಕ ಕಣ್ಣ ಕೀಳದಂಗ ನಿಂದರಬೇಕೇನ? ನನಕಿಂತ ಚಲೋ ಅದಾನೇನ ಅವ?”

“ಹೌದ್ರಿ. ಭಾಳ ಚಲೋ ಅದಾರ.”

“ಹಂಗಾರ ಮನಿಗೆ ಕರಿ! ನಾನೂ ನೋಡ್ತೇನಿ!”

“ಎಂಟ ವರ್ಷ ಆತು, ಕರಿಯಾಕತ್ತೇನಿ.” ಅವಳು ಬಾಗಿಲತ್ತ ನೋಡಿದಳು. “ಹೊಸ್ತಿಲ ತನಕ ಬರ್ತಾರ. ಒಳಗ ಬರಂಗಿಲ್ರಿ.”

ಎಂಟು ವರ್ಷ! ಇವರ ಮದುವೆಯಾಗಿಯೇ ಎಂಟು ವರ್ಷ. ಪರಶುವಿನ ಕೈ ಮೇಲೆದ್ದಿತು. ಹೊಡೆದರೆ ಇವಳು ತವರಿಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಕೈ ಇಳಿಯಲಿಲ್ಲ.

ಸಂಘಮಿತ್ರಾ ಹಿಂದೆ ಸರಿಯಲಿಲ್ಲ. ಬಗ್ಗಿ ನೋಟ್‌ಬುಕ್ಕನ್ನು ಎತ್ತಿಕೊಂಡು, ಅವಸರದಲ್ಲಿ ಅವನು ನೋಡದೇ ಬಿಟ್ಟಿದ್ದ ಮೊದಲ ಪುಟವನ್ನು ತೆರೆದು ಅವನೆದುರು ಹಿಡಿದಳು.

“ಗಮನಿಸಿದ ವ್ಯಕ್ತಿ: ವಿಚಾರಣೆ ಕಿಟಕಿಯ ಪರಶು. ಸಂಬಂಧ: ಗಂಡ.”