ನವಿಲುಗರಿ ಇಟ್ಟ ಪುಟ

ಪುಸ್ತಕದೊಳಗೆ ಗುರುತಿಗಿಟ್ಟ ನವಿಲುಗರಿ ಮತ್ತೆ ಮುಂದೆ ಸರಿದಿತ್ತು. ಅನಂತಪದ್ಮನಾಭ ಹೆಗಲಿನ ಆಫೀಸು ಬ್ಯಾಗನ್ನೂ ಇಳಿಸದೆ ಪುಟ ಎಣಿಸಿದ. ಎಂಟು. ನಿನ್ನೆಯೂ ಎಂಟು, ಮೊನ್ನೆಯೂ ಎಂಟು.

ಅದು ಹೆಂಡತಿ ಸತ್ಯವತಿ ಅರ್ಧಕ್ಕೆ ಬಿಟ್ಟುಹೋದ ಕನ್ನಡ ಕಾದಂಬರಿ. ಬೆಂಗಳೂರಿನಿಂದ ತರಿಸಿಕೊಂಡಿದ್ದಳು. ದೆವ್ವದ ಮನೆಯೊಂದರ ಕಥೆ. ಅಚ್ಚು ಹಾಕಿದವನಿಗೆ ತಲೆ ಕೆಟ್ಟಿತ್ತೋ ಏನೋ! ಕೆಲವು ಪುಟಗಳಲ್ಲಿ ಸಾಲುಗಳು ಮೆಟ್ಟಿಲಿನಂತೆ ಇಳಿಯುತ್ತವೆ, ಕೆಲವು ತಲೆಕೆಳಗು, ಕೆಲವು ಪುಟಕ್ಕೆ ಒಂದೇ ಒಂದು ಪದ. ಎವರ್‌ಗ್ರೀನ್ ಎಂಬ ಈ ಪರದೇಶದ ಊರಿನ ಮನೆಯಲ್ಲಿ, ಸೋಫಾದಲ್ಲಿ ಕೂತು, ಪುಸ್ತಕವನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಮೂರು ತಿಂಗಳ ಹಿಂದೆ, ಎರಡು ಸಾವಿರದ ಇಸವಿಯ ಮಾರ್ಚಿನಲ್ಲಿ, ತೀರಿಕೊಂಡಳು.

ಆಮೇಲೆ ಅವನು ಊಟ ಬಿಟ್ಟ, ಮಾತು ಬಿಟ್ಟ. ಅವಳೇ ಬಂದು ಓದುತ್ತಿದ್ದಾಳೆ ಎನ್ನುವಂತೆ ಗರಿ ಸರಿಯತೊಡಗಿದ ಮೇಲೆಯೇ ತಟ್ಟೆಯ ಮುಂದೆ ಕೂತದ್ದು. ಸ್ಟಾರ್ಟಪ್ಪಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು ಅವನ ಕೆಲಸ. ದಿನವಿಡೀ ತಪ್ಪು ಹುಡುಕುವ ಮಹಾರಾಯ ಇದರಲ್ಲಿ ಮಾತ್ರ ಹುಡುಕಲು ಹೋಗಲಿಲ್ಲ. ಮನೆಯಲ್ಲಿ ಇನ್ನಿರುವುದು ಹದಿಮೂರರ ಮಗಳು ಸಿಂಧು. ಇಲ್ಲೇ ಹುಟ್ಟಿದವಳು; ಕನ್ನಡ ಮಾತಾಡುತ್ತಾಳೆ, ಓದಲು ಒಂದಕ್ಷರ ಬಾರದು.

ಅವನಿಗಿದ್ದದ್ದು ಒಂದೇ ದಿಗಿಲು. ಪುಸ್ತಕ ಮುಗಿದರೆ ಸತ್ಯವತಿ ಹೊರಟೇಹೋಗುತ್ತಾಳೆ.

"ಇನ್ನು ಅರವತ್ತೇ ಪುಟ, ಪುಟ್ಟೀ" ಎಂದ ಭಾನುವಾರ, ಊಟಕ್ಕೆ ಕೂತಾಗ.

ಸಿಂಧು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅರ್ಜೆಂಟ್ ಏನಿದೆ ಅಪ್ಪ? ಅಮ್ಮ ನಿಧಾನಕ್ಕೆ ಓದ್ಲಿ ಬಿಡು."

ಸೋಮವಾರ ಗರಿ ಮೂವತ್ತೊಂದು ಪುಟ ದಾಟಿತ್ತು. ತಿರುವಿ ನೋಡಿದರೆ ಎಲ್ಲವೂ ಒಂದೊಂದೇ ಪದದ ಪುಟಗಳು. ಸರಸರ ಓದಿರುತ್ತಾಳೆ ಅಂದುಕೊಂಡ. ಮಂಗಳವಾರ ಮೂರೇ ಪುಟ. ಅಲ್ಲಿ ಅಕ್ಷರಗಳು ಇರುವೆಯಷ್ಟು ಸಣ್ಣ, ಕಿಕ್ಕಿರಿದಿದ್ದವು. ಬುಧವಾರದ ಪುಟಗಳು ತಲೆಕೆಳಗಿನವು, ಪುಸ್ತಕವೂ ಸೋಫಾದ ಮೇಲೆ ತಲೆಕೆಳಗಾಗಿ ಬಿದ್ದಿತ್ತು.

ಗುರುವಾರ ಗರಿ ಕೊನೆಯ ಪುಟದಲ್ಲಿತ್ತು.

ಅವನು ಪುಸ್ತಕವನ್ನು ಎದೆಗವಚಿಕೊಂಡು ಮಗುವಿನಂತೆ ಅತ್ತ. "ಮುಗಿಸ್ಬಿಟ್ಲು ಪುಟ್ಟೀ. ಹೊರಟೋದ್ಲು."

ಸಿಂಧು ಓಡಿಬಂದು ಅವನ ಕೈ ಹಿಡಿದುಕೊಂಡಳು. ಅವಳಿಗೂ ಅಳು. "ಸಾರಿ ಅಪ್ಪ. ಅಮ್ಮ ಓದ್ತಾ ಇರ್ಲಿಲ್ಲ. ಅದು ನಾನು. ಒಂದಿನ ಕ್ಲೀನ್ ಮಾಡುವಾಗ ಗರಿ ಬಿದ್ದೋಯ್ತು, ಎಲ್ಲೋ ಒಂದು ಕಡೆ ಇಟ್ಬಿಟ್ಟೆ. ಅದನ್ನ ನೋಡಿ ಅವತ್ತು ರಾತ್ರಿ ನೀನು ಊಟ ಮಾಡಿದೆ. ಅದಕ್ಕೇ ಆಮೇಲೆ ದಿನಾ ಎಂಟೆಂಟು ಪೇಜು ಎಣಿಸಿ ಸರಿಸ್ತಿದ್ದೆ."

ಅನಂತಪದ್ಮನಾಭನಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಕೊನೆಗೆ ಮಗಳನ್ನು ಕಂಡು ಅಯ್ಯೋ ಅನ್ನಿಸಿತು. ಅವಳ ತಲೆ ಸವರಿದ.

"ಆಯ್ತು ಬಿಡು, ಅಳಬೇಡ. ಆದ್ರೆ ಈ ವಾರ ಯಾಕೆ ಇಷ್ಟು ಬೇಗ ಬೇಗ ಸರಿಸಿ ಮುಗಿಸ್ಬಿಟ್ಟೆ?"

ಸಿಂಧು ಮುಖವೆತ್ತಿ ಕೊನೆಯ ಪುಟವನ್ನು ನೋಡಿದಳು. ಅವಳ ಅಳು ಅಲ್ಲಿಗೇ ನಿಂತಿತು.

"ಮುಗಿದ್ರೆ ನೀನು ಮತ್ತೆ ಊಟ ಬಿಡ್ತೀಯ ಅಂತ ಭಯ ಆಗಿ, ಭಾನುವಾರದಿಂದ ನಾನು ಅದನ್ನ ಮುಟ್ಟೇ ಇಲ್ಲ, ಅಪ್ಪ."